ಭೂಪಟಕ್ಕಿಂತ ಹುಡುಕಾಟದ ಪಟ್ಟಿ ಮೇಲು: ಮಟೊಮೊ ಬಳಸಿದ ಅನುಭವ

ಕಲ್ಲುಹೂವುಗಳ ವರ್ಗೀಕರಣದಂಥ ಕಿರಿದಾದ ವಿಷಯದ ಮೇಲೆ ಬರೆಯುವವರಿಗೆ ಓದುಗರು ಎಷ್ಟು ಮಂದಿ ಎಂಬುದಕ್ಕಿಂತ ಅವರು ಎಲ್ಲಿಯವರು, ಏನನ್ನು ಅರಸಿ ಬಂದವರು ಎಂಬ ಕುತೂಹಲವೇ ಹೆಚ್ಚು. ಒಂದು ದೇಶದಲ್ಲಿ ಬೆರಳೆಣಿಕೆಯ ಮಂದಿಗೆ ಮಾತ್ರ ಬೇಕಾಗುವ ಬರಹಕ್ಕೆ ಓದುಗವಲಯವೆಂಬುದು ಕೂಡಿಬರುವುದೇ ಹತ್ತಾರು ದೇಶಗಳಿಂದ. ಈ ಕುತೂಹಲಕ್ಕಾಗಿ ನಾನು ನನ್ನ ಜಾಲತಾಣದಲ್ಲಿ ಎರಡು ವರ್ಷಗಳಿಂದ ಬಳಸುತ್ತಿರುವ, ತಾಣಕ್ಕೆ ಬರುವವರ ಲೆಕ್ಕ ಇಡುವ ತಂತ್ರಾಂಶ ಮಟೊಮೊ. 2007ರಲ್ಲಿ ಪಿವಿಕ್ ಎಂಬ ಹೆಸರಿನಿಂದ ಆರಂಭವಾಗಿ 2018ರಲ್ಲಿ ಈಗಿನ ಹೆಸರನ್ನು ಪಡೆದ ಇದು ಮುಕ್ತ ತಂತ್ರಾಂಶ. ನಮ್ಮದೇ ಸರ್ವರಿನಲ್ಲಿ ಸ್ಥಾಪಿಸಿಕೊಂಡರೆ ಶುಲ್ಕವಿಲ್ಲ, ಓದುಗರ ಮಾಹಿತಿ ಬೇರೆಯವರ ಕೈಗೆ ಹೋಗುವುದೂ ಇಲ್ಲ.

ಓದುಗರ ದೇಶಗಳನ್ನು ಬಣ್ಣದಲ್ಲಿ ತೋರಿಸುವ ಮೊದಲ ವಾರದ ಭೂಪಟವನ್ನು ನಂಬಿ ನಾನು ಮೋಸಹೋದೆ. ಅಮೆರಿಕವೊಂದೇ ಗಾಢ ಬಣ್ಣದಲ್ಲಿ ಎದ್ದು ಕಾಣುತ್ತಿತ್ತು, ಆದರೆ ನನಗೆ ಪತ್ರ ಬರೆಯುತ್ತಿದ್ದವರಲ್ಲಿ ಹೆಚ್ಚಿನವರು ಬೇರೆ ಕಡೆಯವರು. ಸೆಟ್ಟಿಂಗ್‌ಗಳನ್ನು ಕೆದಕಿದಾಗ ಕಾರಣ ತಿಳಿಯಿತು: ಸ್ಥಳ ಪತ್ತೆಗೆ ಬೇಕಾದ ದತ್ತಾಂಶವನ್ನು ಅಳವಡಿಸದಿದ್ದರೆ ಮಟೊಮೊ ಓದುಗರ ಬ್ರೌಸರಿನ ಭಾಷೆಯನ್ನು ನೋಡಿ ದೇಶವನ್ನು ಊಹಿಸುತ್ತದೆ. ಬ್ರೌಸರನ್ನು ಅಮೆರಿಕದ ಇಂಗ್ಲಿಷಿನಲ್ಲಿ ಇಟ್ಟುಕೊಂಡವರು ಜಗತ್ತಿನ ಯಾವ ಮೂಲೆಯಲ್ಲಿ ಕುಳಿತು ಓದಿದರೂ ಅಮೆರಿಕದವರೇ ಆಗಿಬಿಡುತ್ತಾರೆ. ಐಪಿ ವಿಳಾಸದಿಂದ, ಅಂದರೆ ಅಂತರಜಾಲದಲ್ಲಿ ಪ್ರತಿ ಸಂಪರ್ಕಕ್ಕಿರುವ ಸಂಖ್ಯೆಯಿಂದ, ಸ್ಥಳವನ್ನು ಹೇಳುವ ಡಿಬಿ-ಐಪಿ ಸಂಸ್ಥೆಯ ಉಚಿತ ದತ್ತಾಂಶವನ್ನು ಹಾಕಿದ ಮೇಲೆ ಬಣ್ಣಗಳು ಹಂಚಿಹೋದವು. ಆಗಲೂ ತಮ್ಮ ಸಂಪರ್ಕವನ್ನು ಬೇರೊಂದು ಸ್ಥಳದ ಸರ್ವರಿನ ಮೂಲಕ ಹಾಯಿಸುವ ವಿಪಿಎನ್ ಬಳಸಿ ಬರುವವರು ಎಲ್ಲೆಲ್ಲೋ ಕಾಣಿಸಿಕೊಳ್ಳುತ್ತಾರೆ. ಅದನ್ನು ತಂತ್ರಾಂಶದ ತಪ್ಪು ಎನ್ನಲಾಗದು.

ಎರಡನೆಯ ತೊಡಕು ಓದಿನ ಅವಧಿಯದು. ಒಂದು ಪುಟವನ್ನು ತೆರೆದವರು ಮುಂದಿನ ಪುಟಕ್ಕೆ ಹೋದಾಗ ಮಾತ್ರ ಮೊದಲ ಪುಟದಲ್ಲಿ ಕಳೆದ ಹೊತ್ತು ಲೆಕ್ಕಕ್ಕೆ ಸಿಗುತ್ತದೆ. ಹಾಗಾಗಿ ಒಂದೇ ದೀರ್ಘ ಪ್ರಬಂಧವನ್ನು ಮುಕ್ಕಾಲು ಗಂಟೆ ಓದಿ ಕಿಟಕಿ ಮುಚ್ಚಿದ ಶ್ರದ್ಧಾವಂತರು ವರದಿಯಲ್ಲಿ 0 ಸೆಕೆಂಡ್ ಇದ್ದು ಹೋದವರಾಗುತ್ತಾರೆ. ವಿದ್ವತ್ ಬರಹದ ಮಟ್ಟಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಓದುಗರು ಪುಟದಲ್ಲೇ ಇದ್ದ ಹೊತ್ತನ್ನು ಅಳೆಯುವ ‘ಹಾರ್ಟ್‌ಬೀಟ್ ಟೈಮರ್’ ಎಂಬ ಸೌಲಭ್ಯವನ್ನು ಒಂದು ಸಾಲಿನ ಕೋಡ್‌ನಿಂದ ಚಾಲೂ ಮಾಡಿದರೆ ಇದು ಬಹುಮಟ್ಟಿಗೆ ಸರಿಹೋಗುತ್ತದೆ, ಆದರೆ ತಾನಾಗಿ ಅದು ಚಾಲೂ ಇರುವುದಿಲ್ಲ. ಹುಡುಕುಯಂತ್ರದಿಂದ ನೇರವಾಗಿ ಪಿಡಿಎಫ್‌ಗೆ ಬಂದವರನ್ನಂತೂ ಮಟೊಮೊ ಕಾಣುವುದೇ ಇಲ್ಲ. ಅವರನ್ನು ಎಣಿಸಬೇಕಾದರೆ ಸರ್ವರಿನ ದಾಖಲೆಗಳನ್ನು ಪ್ರತ್ಯೇಕವಾಗಿ ಅದಕ್ಕೆ ಉಣಿಸಬೇಕು.

ಇಷ್ಟೆಲ್ಲ ದೂರಿದರೂ ನಾನು ಇದನ್ನು ಬಿಟ್ಟಿಲ್ಲ, ಕಾರಣ ಒಳಹುಡುಕಾಟದ ವರದಿ. ನಮ್ಮ ಸಂಗ್ರಹದೊಳಗೆ ಓದುಗರು ಏನನ್ನು ಹುಡುಕಿದರು, ಅದರಲ್ಲಿ ಯಾವುದಕ್ಕೆ ಉತ್ತರವೇ ಸಿಗಲಿಲ್ಲ ಎಂಬುದನ್ನು ಮಟೊಮೊ ಬೇರೆಯಾಗಿ ಪಟ್ಟಿಮಾಡುತ್ತದೆ. ಆ ಪಟ್ಟಿಯಲ್ಲಿ ‘ಪಾರ್ಮೇಲಿಯಾ ಕ್ಯಾಪರಾಟ’ ಎಂಬ ಕಲ್ಲುಹೂವಿನ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ಆ ಪ್ರಭೇದ 1986ರಲ್ಲೇ ‘ಫ್ಲಾವೋಪಾರ್ಮೇಲಿಯಾ’ ಎಂಬ ಹೊಸ ಕುಲಕ್ಕೆ ಸೇರಿದ್ದು, ನಾನು ಬರೆದದ್ದೂ ಹೊಸ ಹೆಸರಿನಲ್ಲೇ. ಹಳೆಯ ಕೈಪಿಡಿಯನ್ನೇ ನೆಚ್ಚಿಕೊಂಡವರು ಹಳೆಯ ಹೆಸರು ಕೊಟ್ಟು, ಏನೂ ಸಿಗದೆ, ಸುಮ್ಮನೆ ಹಿಂತಿರುಗುತ್ತಿದ್ದರು. ದೂರದ ಓದುಗರು ನನ್ನಿಂದ ಏನನ್ನು ಬಯಸುತ್ತಾರೆಂದು ಬಣ್ಣ ಬಳಿದ ಯಾವ ಭೂಪಟವೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ಪ್ರತಿ ಪ್ರಭೇದದ ಕೆಳಗೆ ಹಳೆಯ ಹೆಸರುಗಳನ್ನೂ ಸೇರಿಸಿದ ಮೇಲೆ ಆ ಸಾಲು ಪಟ್ಟಿಯಿಂದ ಕಣ್ಮರೆಯಾಯಿತು.

ಸ್ಥಳೀಯ ಸಮಯದ ವರದಿಯೂ ಉಪಯುಕ್ತ, ಏಕೆಂದರೆ ಅದು ಓದುಗರ ಗಡಿಯಾರವನ್ನು ಅನುಸರಿಸುತ್ತದೆ, ನಮ್ಮದನ್ನಲ್ಲ. ಉಳಿದ ಹತ್ತಾರು ವರದಿಗಳು ಅಂಗಡಿ ನಡೆಸುವವರಿಗಾಗಿ ಇದ್ದಂತಿವೆ. ನಾನು ಅವನ್ನು ತೆರೆದು ನೋಡಿದ್ದು ಕಡಿಮೆ.

ಸರ್ವರ್ ನೋಡಿಕೊಳ್ಳಲು ಬಾರದವರು ಇದನ್ನು ಸ್ವಂತವಾಗಿ ಸ್ಥಾಪಿಸಲು ಹೋಗದಿರುವುದು ಒಳ್ಳೆಯದು. ಅವರಿಗಾಗಿ ಮಟೊಮೊದವರೇ ನಡೆಸುವ, ಶುಲ್ಕದ ಕ್ಲೌಡ್ ಆವೃತ್ತಿಯಿದೆ. ಸ್ವಂತವಾಗಿ ಸ್ಥಾಪಿಸುವವರು ಸ್ಥಳದ ದತ್ತಾಂಶ ಮತ್ತು ಹಾರ್ಟ್‌ಬೀಟ್ ಟೈಮರ್ ಎರಡನ್ನೂ ಮೊದಲ ದಿನವೇ ಸರಿಪಡಿಸಿಕೊಳ್ಳಬೇಕು. ನನ್ನ ಮೊದಲ ವಾರದ ಅಂಕಿಗಳಲ್ಲಿ ಅಮೆರಿಕ ಇಂದಿಗೂ ಊದಿಕೊಂಡೇ ಕುಳಿತಿದೆ.