ಐದು ವರ್ಷ ನಿಜಕಥೆ ಕೇಳಿದ ಮೇಲೆ: ದಯವಿಟ್ಟು ಆ ಒಂದು ಬಟನ್ ಆಫ್ ಮಾಡಿ

ಮೊದಲೇ ಹೇಳಿಬಿಡುತ್ತೇನೆ. ಈ ವಿಮರ್ಶೆಯಲ್ಲಿ ಬರುವ ಬೈಗುಳದಲ್ಲಿ ಅರ್ಧ ನನಗೇ ಸೇರಬೇಕು.

ಜನ ತಮ್ಮ ಬದುಕಿನ ಕಥೆಯನ್ನು ತಾವೇ ಹೇಳುವ ಕಾರ್ಯಕ್ರಮಗಳನ್ನು ವಾರ ವಾರ ಕೇಳಲು ಶುರುಮಾಡಿ ಐದು ವರ್ಷ ದಾಟಿತು. ಹಲವು ಕೇಳಿ ಬಿಟ್ಟೆ, ಉಳಿದದ್ದು ಮೂರು: ದಿ ಮಾತ್, ದಿಸ್ ಅಮೆರಿಕನ್ ಲೈಫ್, ಸ್ಟೋರಿಕೋರ್. ಮೂರೂ ಅಮೆರಿಕದ ರೇಡಿಯೊದಲ್ಲಿ ಬರುವಂಥವು. ಪಾಡ್‌ಕಾಸ್ಟ್ ಆಗಿ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತವೆ. ಹಾಗಾಗಿ ಇಲ್ಲಿ ದುಡ್ಡಿನ ಮಾತಿಲ್ಲ. ನನಗೆ ಬಿಗಿ ಇರುವುದು ಸಮಯ. ರಾತ್ರಿ ಪಾತ್ರೆ ತೊಳೆಯುವಾಗ ಅರ್ಧ ಗಂಟೆ, ಭಾನುವಾರ ಬಟ್ಟೆ ಮಡಚುವಾಗ ಒಂದು ಗಂಟೆ. ಕೇಳುವುದೆಲ್ಲ ಅಷ್ಟರಲ್ಲೇ ಮುಗಿಯಬೇಕು.

ಈ ಜಿಪುಣತನದಿಂದಲೇ ಎಡವಟ್ಟಾಗಿದ್ದು. ನಾನು ಬಳಸುವ ಪಾಡ್‌ಕಾಸ್ಟ್ ಆ್ಯಪ್‌ನಲ್ಲಿ (ಹೆಸರು ಬೇಡ, ಬೇರೆ ಆ್ಯಪ್‌ಗಳಲ್ಲೂ ಇದು ಇದೆ) ಎರಡು ಸೌಲಭ್ಯಗಳಿವೆ. ಒಂದು, ವೇಗ ಹೆಚ್ಚಿಸುವುದು. ಇನ್ನೊಂದು, ಮಾತಿನ ನಡುವೆ ಸದ್ದಿಲ್ಲದ ಜಾಗ ಬಂದರೆ ಅದನ್ನು ಕತ್ತರಿಸಿ ಎಸೆಯುವುದು. ಮೊದಲ ವಾರದಲ್ಲೇ ಎರಡನ್ನೂ ಆನ್ ಮಾಡಿದೆ. ವೇಗ 1.4, ಜೊತೆಗೆ ಕತ್ತರಿ. ನೀವು ಇಷ್ಟು ಗಂಟೆ ಉಳಿಸಿದ್ದೀರಿ ಅಂತ ಆ್ಯಪ್ ಒಂದು ಲೆಕ್ಕ ಬೇರೆ ತೋರಿಸುತ್ತದೆ. ಎರಡು ವರ್ಷದಲ್ಲಿ ಅದು 41 ಗಂಟೆ ಮುಟ್ಟಿತ್ತು. ಆಫೀಸಿನಲ್ಲಿ ಊಟದ ಹೊತ್ತಿಗೆ ಇದನ್ನು ಹೆಮ್ಮೆಯಿಂದ ಹೇಳಿಕೊಂಡದ್ದೂ ಉಂಟು.

ಆ ಎರಡು ವರ್ಷ ದಿ ಮಾತ್ ಬಗ್ಗೆ ಯಾರಾದರೂ ಕೇಳಿದ್ದರೆ "ಪರವಾಗಿಲ್ಲ" ಅನ್ನುತ್ತಿದ್ದೆ. ಕಥೆಗಳು ಚೆನ್ನಾಗಿದ್ದವು. ಆದರೆ ಹೇಳುವವರೆಲ್ಲ ಬಸ್ಸು ಹೊರಟುಬಿಡುತ್ತದೆ ಅನ್ನುವ ಹಾಗೆ ಮಾತಾಡುತ್ತಿದ್ದರು. ಎದುರು ಕೂತ ಸಭೆ ಯಾಕೆ ಅಷ್ಟೊಂದು ನಗುತ್ತದೆ ಅಂತಲೂ ಗೊತ್ತಾಗುತ್ತಿರಲಿಲ್ಲ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಅದಕ್ಕೇ ಜೋಕು ತಲೆಗೆ ಹತ್ತುವುದು ತಡ ಅಂದುಕೊಂಡು ಸುಮ್ಮನಿದ್ದೆ.

ಆಮೇಲೆ ಒಂದು ದಿನ ಫೋನ್ ಸಿಂಕ್‌ಗೆ ಬಿತ್ತು. ಅಕ್ಕಿಯೊಳಗೆ ಹೂತಿಟ್ಟರೂ ಬದುಕಲಿಲ್ಲ. ಹೊಸ ಫೋನಿನಲ್ಲಿ ಆ್ಯಪ್ ಹಾಕಿದೆ. ಹಳೇ ಸೆಟ್ಟಿಂಗ್ ಎಲ್ಲ ಅಳಿಸಿಹೋಗಿ ವೇಗವೂ ಕತ್ತರಿಯೂ ಆಫ್ ಆಗಿದ್ದು ಗಮನಕ್ಕೆ ಬರಲಿಲ್ಲ. ಹಿಂದೆ ಕೇಳಿದ್ದ ಒಂದು ಸಂಚಿಕೆ ಕೈ ತಾಗಿ ಶುರುವಾಯಿತು. ಒದ್ದೆ ಕೈಗೆ ಫೋನ್ ಪರದೆ ಕ್ಯಾರೇ ಅನ್ನುವುದಿಲ್ಲವಲ್ಲ, ನಿಲ್ಲಿಸಲಾಗಲಿಲ್ಲ. ಓಡಲಿ ಬಿಡು ಅಂತ ತಳ ಹಿಡಿದ ಪಾತ್ರೆ ಉಜ್ಜುತ್ತಿದ್ದೆ.

ಕಥೆ ಹೇಳುತ್ತಿದ್ದ ಹೆಂಗಸು ಒಂದು ವಾಕ್ಯ ಹೇಳಿ ನಿಂತರು. ನಿಂತೇ ಇದ್ದರು. ಫೋನ್ ಮತ್ತೆ ಕೈಕೊಟ್ಟಿತು ಅಂತ ಬಗ್ಗಿ ನೋಡಿದರೆ ಸೆಕೆಂಡುಗಳು ಓಡುತ್ತಿವೆ. ಇಯರ್‌ಫೋನಿನಲ್ಲಿ ದೂರದಲ್ಲೆಲ್ಲೋ ಒಬ್ಬರು ಕೆಮ್ಮಿದರು. ಕುರ್ಚಿಯೊಂದು ಕಿರ್ ಅಂದಿತು. ಆಕೆ ಉಗುಳು ನುಂಗಿದ್ದು ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಮುಂದಿನ ಮಾತು ಬಂತು, ಮೂರೇ ಪದ, ಇಡೀ ಸಭೆ ನಕ್ಕಿತು. ನಾನೂ ನಕ್ಕೆ. ಹಿಂದಿನ ಸಲ ಇದೇ ಜಾಗದಲ್ಲಿ ನನಗೆ ಏನೂ ಅನ್ನಿಸಿರಲಿಲ್ಲ. ಕೈಯಲ್ಲಿ ನೊರೆ, ನಲ್ಲಿ ಸುಮ್ನೆ ಸುರಿಯುತ್ತಿದೆ, ನಾನು ನಿಂತು ಕೇಳುತ್ತಿದ್ದೇನೆ.

41 ಗಂಟೆ ಉಳಿತಾಯ ಅಂದರೆ ಇದು. ವೇಗದಿಂದ ಉಳಿದದ್ದನ್ನು ಬಿಡಿ. ಉಳಿದಂತೆ ಆ್ಯಪ್ ಕತ್ತರಿಸಿ ಎಸೆದದ್ದು ಇಂಥ ಜಾಗಗಳನ್ನೇ.

ದಿ ಮಾತ್‌ನ ಕಟ್ಟಳೆ ನೋಡಿದರೆ ಇದು ಎಂಥ ಪೆದ್ದುತನ ಅಂತ ಗೊತ್ತಾಗುತ್ತದೆ. ಅಲ್ಲಿ ಕಥೆ ನಿಜ ಇರಬೇಕು, ಹೇಳುವವರದೇ ಆಗಿರಬೇಕು, ಚೀಟಿ ನೋಡದೆ ಜನರ ಎದುರು ಹೇಳಬೇಕು. ಕಾದಂಬರಿಕಾರ ಜಾರ್ಜ್ ಡಾಸ್ ಗ್ರೀನ್ 1997ರಲ್ಲಿ ನ್ಯೂಯಾರ್ಕ್‌ನ ತಮ್ಮ ಮನೆಯಲ್ಲೇ ಒಂದಷ್ಟು ಜನರನ್ನು ಸೇರಿಸಿ ಶುರುಮಾಡಿದ್ದು. ಜಾರ್ಜಿಯಾದಲ್ಲಿ ಅವರು ಗೆಳೆಯರ ಜೊತೆ ಜಗಲಿ ಮೇಲೆ ಕೂತು ಕಥೆ ಹೇಳುತ್ತಿದ್ದಾಗ ದೀಪಕ್ಕೆ ಹುಳುಗಳು ಮುತ್ತುತ್ತಿದ್ದವಂತೆ, ಹೆಸರು ಆ ದೀಪದ ಹುಳುವಿನದು. (ಕನ್ನಡದಲ್ಲಿ ಬರೆದರೆ ಅದು ಹೆಚ್ಚುಕಡಿಮೆ 'ಮಾತು' ಆಗಿಬಿಡುತ್ತದೆ. ನನಗೆ ಅದೇ ಇಷ್ಟ.) ಪಾಡ್‌ಕಾಸ್ಟ್ 2008ರಲ್ಲಿ, ರೇಡಿಯೊ ಕಾರ್ಯಕ್ರಮ 2009ರಲ್ಲಿ ಬಂತು. ಅಂದರೆ ಇದು ಸ್ಟುಡಿಯೊದಲ್ಲಿ ಓದಿದ ಬರಹ ಅಲ್ಲ. ಜನ ತುಂಬಿದ ಒಂದು ಕೋಣೆ. ಕೋಣೆಯನ್ನು ಕತ್ತರಿಸಿದರೆ ಉಳಿಯುವುದು ಬರೀ ಸುದ್ದಿ.

ಅನುಮಾನ ಶುರುವಾಯಿತು ನೋಡಿ, ಹಳೆಯದನ್ನೆಲ್ಲ ಮತ್ತೆ ಕೇಳಲು ಕೂತೆ. ದೊಡ್ಡ ಏಟು ಬಿದ್ದದ್ದು ದಿಸ್ ಅಮೆರಿಕನ್ ಲೈಫ್‌ನಲ್ಲಿ. 1995ರಲ್ಲಿ ಶಿಕಾಗೊದಲ್ಲಿ ಹುಟ್ಟಿದ ಕಾರ್ಯಕ್ರಮ, ಐರಾ ಗ್ಲಾಸ್ ನಡೆಸುತ್ತಾರೆ. 2012ರ ಜನವರಿಯಲ್ಲಿ ಅವರು ಮೈಕ್ ಡೈಸಿ ಎಂಬ ರಂಗಕಲಾವಿದರ ನಿರೂಪಣೆಯನ್ನು ಪ್ರಸಾರ ಮಾಡಿದ್ದರು. ಚೀನಾದಲ್ಲಿ ಆ್ಯಪಲ್ ಸಾಮಾನು ತಯಾರಿಸುವ ಕಾರ್ಖಾನೆಗೆ ತಾನೇ ಹೋಗಿ ಕಂಡದ್ದು ಅಂತ ಹೇಳಿದ ಕಥೆ ಅದು. ಆಮೇಲೆ ರಾಬ್ ಶ್ಮಿಟ್ಜ್ ಎಂಬ ರೇಡಿಯೊ ವರದಿಗಾರ ಡೈಸಿಯ ಜೊತೆ ಹೋಗಿದ್ದ ದುಭಾಷಿಯನ್ನು ಹುಡುಕಿ ಮಾತಾಡಿಸಿದರು. ಕಂಡೆ ಅಂದದ್ದರಲ್ಲಿ ಎಷ್ಟೋ ಕಂಡದ್ದೇ ಅಲ್ಲ ಅಂತ ಹೊರಬಂತು. ಮಾರ್ಚ್‌ನಲ್ಲಿ ಕಾರ್ಯಕ್ರಮ ಆ ಸಂಚಿಕೆಯನ್ನು ಹಿಂತೆಗೆದುಕೊಂಡಿತು. ಅಷ್ಟೇ ಅಲ್ಲ, ಎಲ್ಲಿ ತಪ್ಪಿದೆವು ಅಂತ ಹೇಳಲು ಪೂರ್ತಿ ಒಂದು ಸಂಚಿಕೆಯನ್ನೇ ಮೀಸಲಿಟ್ಟಿತು. ಅದರಲ್ಲಿ ಐರಾ ಗ್ಲಾಸ್ ಡೈಸಿಯನ್ನು ಎದುರು ಕೂರಿಸಿಕೊಂಡು ಒಂದೊಂದೇ ಪ್ರಶ್ನೆ ಕೇಳುತ್ತಾರೆ.

ಇದನ್ನು ನಾನು ಫೈಲ್ ಇಳಿಸಿಕೊಂಡು, ನನ್ನ ಆ್ಯಪ್‌ಗೇ ಹಾಕಿಕೊಂಡು ಕೇಳಿದ್ದೆ. ಕತ್ತರಿ ಆನ್ ಇತ್ತು. ಆಗ ನನಗೆ ಕೇಳಿಸಿದ್ದು, ಪ್ರಶ್ನೆ ಬಂದ ಕೂಡಲೇ ಪಟಪಟ ಉತ್ತರ ಕೊಡುವ ಚುರುಕಿನ ಮನುಷ್ಯ. ಕತ್ತರಿ ಆಫ್ ಮಾಡಿ ಮತ್ತೆ ಕೇಳಿದೆ. ಪ್ರಶ್ನೆ ಬೀಳುತ್ತದೆ. ಏನೂ ಇಲ್ಲ. ಮತ್ತೂ ಏನೂ ಇಲ್ಲ. ರೇಡಿಯೊದಲ್ಲಿ ಅಷ್ಟು ಹೊತ್ತು ಸದ್ದಿಲ್ಲದೆ ಇರಲು ಬಿಡುವುದು ಅಂದರೆ ಹುಡುಗಾಟ ಅಲ್ಲ. ಅವರು ಬಿಟ್ಟಿದ್ದಾರೆ. ಭಾನುವಾರ ಅದು, ಕೈಯಲ್ಲಿ ಒಂಟಿ ಕಾಲುಚೀಲ ಹಿಡಿದು ಮಂಚದ ಮೇಲೆ ಕೂತಿದ್ದೆ. ಅದರ ಜೋಡಿ ಎದುರಿಗೇ ಇತ್ತು, ಕಾಣಿಸಲಿಲ್ಲ. ಆ ಸಂಚಿಕೆಯ ಜೀವ ಇರುವುದೇ ಅಲ್ಲಿ. ಆ್ಯಪ್ ಅದನ್ನು ಕಸ ಅಂತ ಗುಡಿಸಿ ಹಾಕಿತ್ತು, ನಾನೇ ಹೇಳಿ ಗುಡಿಸಿಸಿದ್ದೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಬರೀ ಹೊಗಳಿಕೆ ಆಗುತ್ತಿತ್ತು. ಆದರೆ ಮತ್ತೆ ಮೂರು ವರ್ಷ ಕೇಳಿದೆನಲ್ಲ.

ಮೌನ ಕೇಳಿಸಲು ಶುರುವಾದ ಮೇಲೆ ಅದರ ಗುಟ್ಟೂ ಗೊತ್ತಾಗುತ್ತಾ ಬಂತು. ದಿ ಮಾತ್‌ನ ದೊಡ್ಡ ವೇದಿಕೆಗೆ ಬರುವವರ ಜೊತೆ ನಿರ್ದೇಶಕರು ಕೂತು ಕಥೆ ತಿದ್ದುತ್ತಾರೆ. ತಪ್ಪೇನಲ್ಲ, ಮುಚ್ಚಿಟ್ಟ ವಿಷಯವೂ ಅಲ್ಲ. ಆದರೆ ನೂರಾರು ಕಥೆ ಕೇಳಿದ ಕಿವಿಗೆ ದನಿ ಎಲ್ಲಿ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ. ಈಗ ನಿಲ್ಲಿಸುತ್ತಾರೆ ಅಂದುಕೊಂಡರೆ ನಿಲ್ಲಿಸುತ್ತಾರೆ. ಕೊನೆಗೆ ಬದುಕು ಕಲಿಸಿದ್ದೇನು ಅನ್ನುವ ಒಂದು ಸಾಲು ಬಂದೇ ಬರುತ್ತದೆ ಅಂತ ಕಾಯುತ್ತೇನೆ, ಬಂದರೆ ಮುಖ ಸಿಂಡರಿಸುತ್ತೇನೆ. ಒಂದು ಹೊತ್ತಿನಲ್ಲಿ ಬೇಸರ ಬಂದು ನಾಲ್ಕು ತಿಂಗಳು ಕೇಳಲೇ ಇಲ್ಲ.

ವಾಪಸ್ ಕರೆತಂದದ್ದು ಅವರದೇ ಸ್ಟೋರಿಸ್ಲ್ಯಾಮ್ ಎಂಬ ಸ್ಪರ್ಧೆಯ ಕಥೆಗಳು. ಅಲ್ಲಿ ಹೇಳುವ ಆಸೆ ಇದ್ದವರು ಹೆಸರು ಬರೆದು ಹಾಕುತ್ತಾರೆ, ಹತ್ತು ಹೆಸರು ಎತ್ತುತ್ತಾರೆ, ಒಬ್ಬೊಬ್ಬರಿಗೆ ಐದು ನಿಮಿಷ. ಅಂಕ ಕೊಡುವವರು ಸಭೆಯಿಂದಲೇ ಆರಿಸಿದ ಜನ. ಇಲ್ಲಿಯ ಮೌನ ಹೆಚ್ಚಾಗಿ ನಿಜವಾಗಿಯೂ ಮಾತು ಮರೆತ ಮೌನ. ತಡವರಿಸುತ್ತಾರೆ, ಹಿಂದೆ ಹೋಗಿ ಬಿಟ್ಟದ್ದನ್ನು ಸೇರಿಸುತ್ತಾರೆ, ಅರೆಬರೆ ಮುಗಿಸಿ ಇಳಿದುಹೋಗುತ್ತಾರೆ. ನನಗೆ ಅದು ಜಾಸ್ತಿ ಇಷ್ಟ.

ಮೂರನೆಯದು ಸ್ಟೋರಿಕೋರ್. ಇದನ್ನು ಮೊದಲು ಲೆಕ್ಕಕ್ಕೇ ಹಿಡಿದಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಅಲ್ಲಿನ ಸಾರ್ವಜನಿಕ ರೇಡಿಯೊದಲ್ಲಿ ಬರುವ ಸಣ್ಣ ತುಣುಕು, ಅದರಲ್ಲಿ ಏನಿರುತ್ತದೆ ಅಂತ. ಡೇವ್ ಐಸೇ 2003ರಲ್ಲಿ ನ್ಯೂಯಾರ್ಕ್‌ನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಒಂದು ಗೂಡು ಕಟ್ಟಿಸಿ ಶುರುಮಾಡಿದ್ದು. ಒಳಗೆ ಇಬ್ಬರು ಕೂರುತ್ತಾರೆ. ಅಪ್ಪ ಮಗಳು, ಗಂಡ ಹೆಂಡತಿ, ಹಳೇ ಸ್ನೇಹಿತರು, ಯಾರಾದರೂ. 40 ನಿಮಿಷ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. ಒಪ್ಪಿದರೆ ಅದರ ಪ್ರತಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಉಳಿಯುತ್ತದೆ. ಎದುರಿಗೆ ಸಭೆ ಇಲ್ಲ, ಚಪ್ಪಾಳೆ ಇಲ್ಲ. ಹಾಗಾಗಿ ಯಾರೂ ಯಾರಿಗಾಗಿಯೂ ಮಾತು ನಿಲ್ಲಿಸುವುದಿಲ್ಲ. ಮಗಳು ಒಂದು ಪ್ರಶ್ನೆ ಕೇಳುತ್ತಾಳೆ, ಅಪ್ಪ "ಹ್ಞೂಂ" ಅಂತ ಉಸಿರು ಬಿಡುತ್ತಾನೆ. ಮೇಜಿನ ಮೇಲೆ ಕೈ ಸರಿದ ಸದ್ದು. ಬಟ್ಟೆ ಮಡಚುವ ಒಂದು ಗಂಟೆಯಲ್ಲಿ ಈ ಮಾತುಕತೆಗಳಿಂದ ಆಯ್ದ ತುಣುಕು ಏಳೆಂಟು ಕೇಳಬಹುದು, ಆದರೆ ಎರಡರ ಮೇಲೆ ನನಗೆ ಆಗುವುದಿಲ್ಲ. ಉಳಿದ ಬಟ್ಟೆ ಸುಮ್ಮನೆ ಮಡಚುತ್ತೇನೆ.

ಹೊಸದಾಗಿ ಕೇಳುವವರಿಗೆ ನನ್ನ ಸಲಹೆ: ಸ್ಟೋರಿಕೋರ್‌ನಿಂದ ಶುರುಮಾಡಿ, ಚಿಕ್ಕದು. ದಿ ಮಾತ್ ವಾರಕ್ಕೆ ಒಂದು ಸಾಕು, ಗುಡ್ಡೆ ಹಾಕಿಕೊಂಡು ಒಟ್ಟಿಗೆ ಕೇಳಬೇಡಿ, ಅಚ್ಚು ಕಾಣಲು ಶುರುವಾಗುತ್ತದೆ. ದಿಸ್ ಅಮೆರಿಕನ್ ಲೈಫ್‌ಗೆ ಪೂರ್ತಿ ಒಂದು ಗಂಟೆ ಬಿಡುವು ಇದ್ದಾಗ ಮಾತ್ರ ಕೈ ಹಾಕಿ. ನಮ್ಮಂಥವರಿಗೆ ಉಚ್ಚಾರಣೆ ಕಷ್ಟ ಆದರೆ ವೇಗವನ್ನು 0.9ಕ್ಕೆ ಇಳಿಸಿಕೊಳ್ಳಿ, ನಾಚಿಕೆ ಏನೂ ಇಲ್ಲ.

ಕತ್ತರಿಸುವ ಆ ಬಟನ್‌ಗೆ ಆ್ಯಪ್‌ನಿಂದ ಆ್ಯಪ್‌ಗೆ ಹೆಸರು ಬೇರೆ, ಸಾಮಾನ್ಯವಾಗಿ ವೇಗ ಬದಲಿಸುವ ಜಾಗದಲ್ಲೇ ಇರುತ್ತದೆ. ಕೆಲವು ಆ್ಯಪ್‌ಗಳಲ್ಲಿ ಒಂದೊಂದು ಕಾರ್ಯಕ್ರಮಕ್ಕೂ ಬೇರೆ ಬೇರೆಯಾಗಿ ಆನ್ ಆಫ್ ಮಾಡಬಹುದು. ನಾನು ಷೇರುಪೇಟೆ ಪಾಡ್‌ಕಾಸ್ಟ್‌ಗೆ ಇನ್ನೂ ಆನ್ ಇಟ್ಟಿದ್ದೇನೆ.