ಬೀಗ ಬಿಡಿಸುವ ಹವ್ಯಾಸಿಗಳ ಕೂಟ: ನಾಲ್ಕು ವರ್ಷಗಳ ಸದಸ್ಯತ್ವದ ನಂತರ

ಕೆಲಸದ ನಿಮಿತ್ತ ನೆದರ್ಲೆಂಡ್ಸ್‌ಗೆ ಬಂದ ಎರಡನೆಯ ಚಳಿಗಾಲದಲ್ಲಿ, ಸಂಜೆ ಐದಕ್ಕೇ ಕತ್ತಲು ಕವಿಯುವ ದಿನಗಳಲ್ಲಿ, ಸಹೋದ್ಯೋಗಿಯೊಬ್ಬರು ನನ್ನನ್ನು ತಮ್ಮ ಊರಿನ ಒಂದು ಕೂಟಕ್ಕೆ ಕರೆದುಕೊಂಡು ಹೋದರು. ಕೀಲಿಕೈ ಇಲ್ಲದೆ ಬೀಗ ತೆರೆಯುವುದನ್ನು ಹವ್ಯಾಸವಾಗಿ ರೂಢಿಸಿಕೊಂಡವರು ಹದಿನೈದು ದಿನಕ್ಕೊಮ್ಮೆ ಅಲ್ಲಿ ಸೇರುತ್ತಾರೆ. ನಾನು ಸದಸ್ಯತ್ವ ಪಡೆದು ಈಗ ನಾಲ್ಕು ವರ್ಷ. ಇಂಥ ಕೂಟವನ್ನು ಸೇರಬೇಕೆಂದಿರುವ ಕನ್ನಡಿಗರು ಆಗಾಗ ನನ್ನನ್ನು ವಿಚಾರಿಸುವುದರಿಂದ, ಹೊಸಬರ ಕಣ್ಣಿಗೆ ಅದು ಹೇಗೆ ಕಾಣುತ್ತದೆ ಎಂಬುದನ್ನೇ ಮುಖ್ಯವಾಗಿಟ್ಟುಕೊಂಡು ಈ ವಿಮರ್ಶೆ ಬರೆಯುತ್ತಿದ್ದೇನೆ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಆ ಒಂದು ಅಂಕ ಪೂರ್ತಿಯಾಗಿ ಮೊದಲ ಮೂರು ತಿಂಗಳಿಗೆ ಸಂಬಂಧಿಸಿದ್ದು.

ಯುರೋಪಿನಲ್ಲಿ ಈ ಹವ್ಯಾಸ ಗುಟ್ಟಿನ ವಿಷಯವಲ್ಲ. ಜರ್ಮನಿಯ ಹವ್ಯಾಸಿಗಳು 1997ರಲ್ಲಿಯೇ ಹ್ಯಾಂಬರ್ಗ್‌ನಲ್ಲಿ ಸಂಘ ಕಟ್ಟಿಕೊಂಡು ಇದನ್ನು ಒಂದು ಕ್ರೀಡೆಯೆಂದೇ ಕರೆದರು. ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ 'ಟೂಲ್' ಎಂಬ ಸಂಘಟನೆಯ ಹೆಸರು ಇಂದು ಅಮೆರಿಕದವರೆಗೂ ಹಬ್ಬಿದೆ. ನಮ್ಮದು ಅವೆರಡಕ್ಕೂ ಸೇರದ, ಇಪ್ಪತ್ತೈದು ಜನರ ಸಣ್ಣ ಕೂಟ. ಆದರೆ ನಿಯಮಗಳು ಎಲ್ಲೆಡೆಯಂತೆ ಎರಡೇ: ನಿಮ್ಮದಲ್ಲದ ಬೀಗವನ್ನು ಒಡೆಯರ ಅನುಮತಿಯಿಲ್ಲದೆ ಮುಟ್ಟಬಾರದು, ಬಳಕೆಯಲ್ಲಿರುವ ಬೀಗದ ಮೇಲೆ, ಅದು ನಿಮ್ಮದೇ ಮನೆಯದಾದರೂ, ಅಭ್ಯಾಸ ಮಾಡಬಾರದು. ಎರಡನೆಯ ನಿಯಮದ ಅರ್ಥ ನನಗೆ ತಡವಾಗಿ ಹೊಳೆಯಿತು. ಕೀಲಿಕೈ ಸರಿಯಾದ ಎತ್ತರಕ್ಕೆ ಎತ್ತಬೇಕಾದ ಒಳಗಿನ ಪುಟ್ಟ ಲೋಹದ ಪಿನ್ನೊಂದು ಮಿತಿಮೀರಿ ಮೇಲೆ ಹೋಗಿ ಸಿಕ್ಕಿಹಾಕಿಕೊಂಡರೆ ರಾತ್ರಿ ಹೊರಗೆ ನಿಲ್ಲಬೇಕಾದವರು ನಾವೇ. ಮೊದಲ ಸಂಜೆ ಉಪಕರಣ ಕೈಗೆ ಬರುವ ಮುನ್ನವೇ ಇವೆರಡನ್ನೂ ಹೇಳಿದರು, ಮತ್ತು ನಾಲ್ಕು ವರ್ಷಗಳಲ್ಲಿ ಯಾರೂ ಇವನ್ನು ಸಡಿಲಿಸಿದ್ದನ್ನು ನಾನು ಕಂಡಿಲ್ಲ. ಫೋನಿನಲ್ಲಿ ವಿಷಯ ತಿಳಿದ ಅಮ್ಮ, "ಇದೆಂಥಾ ವಿದ್ಯೆ ಕಲೀತಿದ್ದೀಯಪ್ಪಾ, ಯಾರಾದ್ರೂ ತಪ್ಪು ತಿಳ್ಕೊಂಡ್ರೆ?" ಎಂದು ಕಳವಳಪಟ್ಟಾಗ ನಾನು ಹೇಳಿದ್ದು ಆ ಎರಡು ನಿಯಮಗಳನ್ನೇ.

ಕೂಟಕ್ಕೆ ಹೋಗುವ ಮೊದಲೇ ನಾನು ಮಾಡಿದ ತಪ್ಪನ್ನು ಬಹುಪಾಲು ಹೊಸಬರು ಮಾಡುತ್ತಾರೆ: ಪಿನ್‌ಗಳನ್ನು ಎತ್ತುವ ತೆಳು ಕಡ್ಡಿಗಳಾದ ಹದಿನೇಳು ಪಿಕ್‌ಗಳೂ ಒಳಗಿನ ಭಾಗಗಳೆಲ್ಲ ಕಾಣುವ ಒಂದು ಪಾರದರ್ಶಕ ಬೀಗವೂ ಇದ್ದ ಅಗ್ಗದ ಕಿಟ್ ಅನ್ನು ಆನ್‌ಲೈನಿನಲ್ಲಿ ತರಿಸಿಕೊಂಡಿದ್ದೆ. ಬೀಗದ ತತ್ವ ಅರ್ಥ ಮಾಡಿಕೊಳ್ಳಲು ಆ ಪಾರದರ್ಶಕ ಬೀಗ ಒಂದು ಸಂಜೆಯ ಮಟ್ಟಿಗೆ ಒಳ್ಳೆಯದು. ಆದರೆ ಅದರ ಪಿನ್‌ಗಳು ಕೂರುವ ರಂಧ್ರಗಳು ಎಷ್ಟು ಸಡಿಲವಾಗಿದ್ದವೆಂದರೆ ಪಿಕ್ ಅನ್ನು ಹೇಗೆ ಆಡಿಸಿದರೂ ಅದು ತೆರೆದುಕೊಳ್ಳುತ್ತಿತ್ತು. ಬೆರಳು ಕಲಿಯಬೇಕಾದದ್ದನ್ನು ಕಣ್ಣು ಕಲಿಯುತ್ತಿತ್ತು. ಪಿಕ್‌ಗಳ ದಪ್ಪ ಸುಮಾರು 0.6 ಮಿಲಿಮೀಟರ್. ಇಲ್ಲಿನ ಬಾಗಿಲುಗಳ ಸಿಲಿಂಡರ್ ಬೀಗಗಳಲ್ಲಿ ಕೀಲಿಕೈ ಹೋಗುವ ಸಂದು ಅಂಕುಡೊಂಕಾಗಿಯೂ ಕಿರಿದಾಗಿಯೂ ಇರುವುದರಿಂದ, ಅಷ್ಟು ದಪ್ಪದ ಪಿಕ್ ಎರಡನೆಯ ಪಿನ್ ದಾಟುವಷ್ಟರಲ್ಲಿ ಉಜ್ಜಿಕೊಂಡು ನಿಲ್ಲುತ್ತದೆ. ಇಂದು ನಾನು ಬಳಸುವುದು 0.4 ಮಿಲಿಮೀಟರ್ ದಪ್ಪದ ಎರಡು ಕೊಕ್ಕೆಗಳನ್ನು (ತುದಿ ಬಾಗಿದ ಪಿಕ್‌ಗಳು) ಮತ್ತು ಬೀಗವನ್ನು ತಿರುವುವ ಒತ್ತಡ ಕೊಡಲು ಬೇರೆಬೇರೆ ಅಗಲದ ಮೂರು ಟೆನ್ಷನ್ ರೆಂಚ್‌ಗಳನ್ನು ಮಾತ್ರ. ಹೊಸಬರು ಕೂಟಕ್ಕೆ ಬರಿಗೈಯಲ್ಲಿ ಹೋಗಿ, ಅಲ್ಲಿಯ ಉಪಕರಣಗಳನ್ನು ಮೂರು-ನಾಲ್ಕು ಸಂಜೆ ಹಿಡಿದು ನೋಡಿ, ಆಮೇಲೆ ಕೊಳ್ಳುವುದು ಲೇಸು.

ಕೂಟದ ನಿಜವಾದ ಮೌಲ್ಯ ನನಗೆ ತಿಳಿದದ್ದು ಮೂರನೆಯ ಸಂಜೆ. ಲೇತ್ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಅಂಚುಳ್ಳ ತಟ್ಟೆಯೊಂದರ ಮೇಲೆ ಹಿತ್ತಾಳೆಯ ಸಿಲಿಂಡರನ್ನು ಬಿಚ್ಚಿದರು. ಒಳಭಾಗವನ್ನು ಹಿಡಿದಿಡುವ ಸರ್ಕ್ಲಿಪ್ ಎಂಬ ಉಂಗುರವನ್ನು ತೆಗೆದು, ಕೀಲಿಕೈಯನ್ನು ತುಸು ತಿರುಗಿಸಿ, ಅದೇ ವ್ಯಾಸದ ಕಡ್ಡಿಯಿಂದ ಒಳಗಿನ ತಿರುಗುವ ಭಾಗವನ್ನು ಮೆಲ್ಲನೆ ಹೊರತಳ್ಳಿದರು. ಕಡ್ಡಿ ಒಂದು ಕೂದಲೆಳೆಯಷ್ಟು ಹಿಂದೆ ಬಿದ್ದಿದ್ದಕ್ಕೆ ಸ್ಪ್ರಿಂಗೊಂದು ಚಿಮ್ಮಿ ತಟ್ಟೆಯ ಅಂಚಿಗೆ ಬಡಿದು ಬಿತ್ತು. ಸಾಸಿವೆ ಕಾಳಿಗಿಂತ ಸ್ವಲ್ಪವೇ ದೊಡ್ಡದಾದ ಪಿನ್‌ಗಳನ್ನು ಚಿಮಟದಿಂದ ಎತ್ತಿ ಸಾಲಾಗಿಟ್ಟು, ಒಂದೊಂದು ರಂಧ್ರದಲ್ಲಿ ಒಂದರ ಮೇಲೊಂದು ಕೂರುವ ಐದು ಜೋಡಿಗಳಲ್ಲಿ ಒಂದನ್ನು ಮಾತ್ರ ಬೀಗದೊಳಗೆ ಹಿಂದಿಟ್ಟು ನನ್ನ ಕೈಗೆ ಕೊಟ್ಟರು. ಅದನ್ನು ಹತ್ತು ಬಾರಿ ತೆರೆದ ಮೇಲೆ ಎರಡು ಜೋಡಿ, ಅದು ಸಲೀಸಾದ ಮೇಲೆ ಮೂರು. ತಯಾರಿಕೆಯಲ್ಲಿ ರಂಧ್ರಗಳೆಲ್ಲ ಒಂದೇ ಗೆರೆಯಲ್ಲಿ ಕೂರುವುದು ಅಸಾಧ್ಯವಾದುದರಿಂದ, ರೆಂಚ್‌ನಿಂದ ತಿರುವುವ ಒತ್ತಡ ಕೊಟ್ಟಾಗ ಯಾವುದಾದರೂ ಒಂದು ಪಿನ್ ಉಳಿದವಕ್ಕಿಂತ ಮೊದಲು ಬಿಗಿಯುತ್ತದೆ. ಅದನ್ನು ಹುಡುಕಿ ಸರಿಯಾದ ಎತ್ತರಕ್ಕೆ ಎತ್ತಿದರೆ ಇನ್ನೊಂದು ಬಿಗಿಯುತ್ತದೆ. ಇದನ್ನು ನಾನು ಎಷ್ಟೋ ಕಡೆ ಓದಿದ್ದೆನಾದರೂ, ಎರಡು ಜೋಡಿ ಪಿನ್‌ಗಳ ಆ ಬೀಗದಲ್ಲಿ ಒಂದು ಕಲ್ಲಿನಂತೆ ಗಟ್ಟಿಯಾಗಿದ್ದು ಇನ್ನೊಂದು ಸ್ಪ್ರಿಂಗಿನ ಮೇಲೆ ತೇಲುತ್ತಿದ್ದುದನ್ನು ಬೆರಳಿನಿಂದ ಅರಿತಾಗಲೇ ಅದು ನನ್ನದಾಯಿತು. ಒತ್ತಡ ಎಷ್ಟಿರಬೇಕೆಂದು ಈಗ ಕನ್ನಡಿಗರು ಕೇಳಿದರೆ, ಅನ್ನ ಬೆಂದಿದೆಯೇ ಎಂದು ಒಂದು ಅಗುಳನ್ನು ಒತ್ತಿ ನೋಡುವಷ್ಟು ಎನ್ನುತ್ತೇನೆ.

ಇನ್ನು ಆ ಕಳೆದ ಅಂಕದ ವಿಷಯ. ನನ್ನ ಜೊತೆಗೆ ಸೇರಿದ ಆರು ಜನರಲ್ಲಿ ನಾಲ್ವರು ಮೂರು ತಿಂಗಳೊಳಗೆ ಬರುವುದನ್ನು ನಿಲ್ಲಿಸಿದರು, ಮತ್ತು ಅದಕ್ಕೆ ಅವರ ಸೋಮಾರಿತನ ಕಾರಣವಲ್ಲ ಎಂದು ನಾನು ಖಚಿತವಾಗಿ ನಂಬಿದ್ದೇನೆ. ಹೊಸಬರು ಅರ್ಧ ಗಂಟೆ ಬೆವರು ಸುರಿಸಿದ ಬೀಗವನ್ನು ಹಳಬರೊಬ್ಬರು ಪ್ರೀತಿಯಿಂದಲೇ "ಇಲ್ಲಿ ಕೊಡಿ" ಎಂದು ತೆಗೆದುಕೊಂಡು ಹತ್ತು ಸೆಕೆಂಡಿನಲ್ಲಿ ತೆರೆದು ಹಿಂದಿರುಗಿಸುತ್ತಾರೆ. ಸಹಾಯವೆಂದೇ ಅವರು ಹಾಗೆ ಮಾಡುವುದು; ಆದರೆ ಆ ಗಳಿಗೆಯಲ್ಲಿ ಹೊಸಬರ ಬೆರಳುಗಳು ಕಲಿತದ್ದು ಏನೂ ಇಲ್ಲ, ಮನಸ್ಸು ಕಲಿತದ್ದು ಇದು ತನ್ನಿಂದಾಗದು ಎಂಬುದನ್ನು. ನಾನು ಉಳಿದುಕೊಂಡದ್ದು ಆ ಹಿರಿಯರು ಒಮ್ಮೆಯೂ ನನ್ನ ಕೈಯಿಂದ ಬೀಗ ಕಿತ್ತುಕೊಳ್ಳದ ಕಾರಣಕ್ಕೆ. ನನ್ನ ಉತ್ಸಾಹ ಕುಗ್ಗಿದ್ದ ದಿನ ಅವರು 1851ರ ಲಂಡನ್ ಮಹಾಪ್ರದರ್ಶನದ ಸಂಗತಿ ಹೇಳಿದರು. ಅಮೆರಿಕದ ಬೀಗತಜ್ಞ ಹಾಬ್ಸ್ ಎಂಬವರು ಆ ವರ್ಷ ಚಬ್ ಕಂಪನಿಯ ಹೆಸರಾಂತ ಬೀಗವನ್ನು ಅರ್ಧ ಗಂಟೆಯೊಳಗೆ ತೆರೆದರು. ತೆರೆದವರಿಗೆ 200 ಗಿನಿ (ಆಗಿನ ಬ್ರಿಟಿಷ್ ಹಣ) ಎಂದು ಸವಾಲು ಹಾಕಿ ದಶಕಗಳಿಂದ ಅಂಗಡಿಯ ಕಿಟಕಿಯಲ್ಲಿಟ್ಟಿದ್ದ, ಬ್ರಾಮಾ ಎಂಬ ಇನ್ನೊಂದು ಕಂಪನಿಯ ಬೀಗಕ್ಕೆ ಮಾತ್ರ ಅದೇ ಕೈಗಳಿಗೆ ಹದಿನಾರು ದಿನಗಳಲ್ಲಿ ಹರಡಿದ 51 ಗಂಟೆಗಳು ಬೇಕಾದವು. ಅರ್ಧ ಗಂಟೆಯ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಹೊಸಬರಿಗೆ ಹೇಳಬೇಕಾದದ್ದು 51 ಗಂಟೆಯದು.

ಎರಡನೆಯ ವರ್ಷದಿಂದ ಕೂಟ ನಿಜಕ್ಕೂ ಸೊಗಸಾಗುತ್ತದೆ. ನಡು ಸಣ್ಣದಾಗಿರುವ ಸ್ಪೂಲ್ ಪಿನ್‌ಗಳು ಬೀಗವನ್ನು ತೆರೆದೇ ಬಿಟ್ಟಿತು ಎನ್ನುವಷ್ಟು ತಿರುಗಿಸಿ ನಿಲ್ಲಿಸುತ್ತವೆ. ಅಲ್ಲಿಂದ ಮುಂದಕ್ಕೆ ಹೋಗಲು ಒತ್ತಡವನ್ನು ಸಡಿಲಿಸಿ ಬೀಗ ತುಸು ಹಿಂದಕ್ಕೆ ತಿರುಗಲು ಬಿಡಬೇಕು. ಬಲ ಹಾಕುವ ಸ್ವಭಾವದ ನನಗೆ ಈ ಬಿಟ್ಟುಕೊಡುವಿಕೆ ಒಗ್ಗಲು ಎಂಟು ತಿಂಗಳೇ ಹಿಡಿಯಿತು.

ಹೋದ ವರ್ಷ ಊರಿಗೆ ಹೋದಾಗ ಅಮ್ಮ ಹಳೆಯ ಟ್ರಂಕಿಗೆ ಹಾಕುತ್ತಿದ್ದ ಗೋದ್ರೆಜ್ ನವತಾಲ್ ಬೀಗವನ್ನು, ಟ್ರಂಕ್ ಗುಜರಿಗೆ ಹೋದ ಮೇಲೆ ಕೇಳಿ ಪಡೆದು, ಕೂಟಕ್ಕೆ ತಂದೆ. ಇದು ಲಿವರ್ ಬೀಗ: ಒಳಗೆ ಪಿನ್‌ಗಳ ಬದಲು ಒಂದರ ಮೇಲೊಂದು ಜೋಡಿಸಿದ ತೆಳು ಲೋಹದ ಪಟ್ಟಿಗಳಿದ್ದು (ಇವೇ ಲಿವರ್‌ಗಳು), ಪ್ರತಿಯೊಂದೂ ತನ್ನದೇ ಎತ್ತರಕ್ಕೆ ಏಳಬೇಕು. ಇಲ್ಲಿನ ಹಳಬರ ಅಭ್ಯಾಸವೆಲ್ಲ ಪಿನ್ ಬೀಗಗಳದ್ದಾದ್ದರಿಂದ ಅವರ ಕೊಕ್ಕೆಗಳು ಅದರಲ್ಲಿ ದಿಕ್ಕು ತಪ್ಪಿದವು. ತಂತಿ ಬಗ್ಗಿಸಿ ಹೊಸ ಉಪಕರಣ ಮಾಡಿಕೊಳ್ಳಬೇಕಾಯಿತು, ಒಬ್ಬರು ಲಿವರ್‌ಗಳ ಚಿತ್ರ ಬರೆದರು, ಆ ವಾರವಷ್ಟೇ ಸೇರಿದ್ದ ವಿದ್ಯಾರ್ಥಿನಿಯೊಬ್ಬಳು ಯಾವ ಲಿವರ್ ಬಿಗಿದಿದೆ ಎಂದು ಎಲ್ಲರಿಗಿಂತ ಮೊದಲು ಗುರುತಿಸಿದಳು. ಬೀಗ ಅಂದು ತೆರೆಯಲಿಲ್ಲ. ಆದರೆ ಹಳಬರೂ ಹೊಸಬರಂತೆಯೇ ತಡವರಿಸಿದ ಆ ಸಂಜೆ ಬಂದಿದ್ದ ಮೂವರು ಹೊಸಬರೂ ಇಂದಿಗೂ ತಪ್ಪದೆ ಬರುತ್ತಿದ್ದಾರೆ. ಇದನ್ನು ಮುಂದಿಟ್ಟುಕೊಂಡು ನಾನು ವಾರ್ಷಿಕ ಸಭೆಯಲ್ಲಿ ಒಂದು ಬೇಡಿಕೆ ಇಟ್ಟೆ: ಹೊಸಬರ ಪಕ್ಕದಲ್ಲಿ ಕೂರುವವರು ಕೂಟಕ್ಕೆ ಸೇರಿ ಒಂದು ವರ್ಷ ದಾಟದವರಾಗಿರಲಿ, ಮತ್ತು ಕೇಳದೆ ಯಾರೂ ಅವರ ಬೀಗವನ್ನು ಕೈಗೆತ್ತಿಕೊಳ್ಳದಿರಲಿ. ಸಭೆ ಒಪ್ಪಿದೆ, ಜಾರಿಗೆ ಬಂದು ಎರಡೇ ತಿಂಗಳಾದುದರಿಂದ ಅಂಕವನ್ನು ಈಗಲೇ ಏರಿಸುತ್ತಿಲ್ಲ.

ಸೇರುವವರಿಗೆ ಇನ್ನೊಂದು ವಿಷಯ. ಉಪಕರಣಗಳನ್ನು ಚೀಲದಲ್ಲೇ ಮರೆತು ಬೇರೆ ದೇಶಗಳಿಗೆ ಹೋಗಬೇಡಿ. ಜಪಾನಿನಲ್ಲಿ 2003ರ ಕಾನೂನಿನಂತೆ ಸಕಾರಣವಿಲ್ಲದೆ ಇವನ್ನು ಇಟ್ಟುಕೊಳ್ಳುವುದೇ ಅಪರಾಧ. ಊರಿಗೆ ಹೋಗುವಾಗ ನಾನು ನನ್ನ ಎರಡು ಕೊಕ್ಕೆಗಳನ್ನೂ ಮೂರು ರೆಂಚ್‌ಗಳನ್ನೂ ಕೂಟದ ಕಪಾಟಿನಲ್ಲಿ, ಇನ್ನೂ ತೆರೆಯದ ಅಮ್ಮನ ಬೀಗದ ಪಕ್ಕದಲ್ಲಿ, ಇಟ್ಟು ಹೋಗುತ್ತೇನೆ.