ಪೆಂಟಾಕ್ಸ್ 67ಕ್ಕೆ ವೈಡ್ ಲೆನ್ಸ್: 45, 55, 75ರಲ್ಲಿ ನನ್ನ ಆಯ್ಕೆ 55

ದೊಡ್ಡ ಫಿಲ್ಮಿನ ಪೆಂಟಾಕ್ಸ್ 67 ಕ್ಯಾಮೆರಾ ಕೊಂಡವರು ಅದರ ಸಾಮಾನ್ಯ ಲೆನ್ಸಾದ 105 ಎಂಎಂನಲ್ಲಿ ನಾಲ್ಕಾರು ರೋಲು ತೆಗೆದ ಮೇಲೆ ಹುಡುಕಲು ಶುರುಮಾಡುವುದು ವೈಡ್ ಲೆನ್ಸನ್ನೇ. ಲ್ಯಾಂಡ್‌ಸ್ಕೇಪಿಗೆ ಒಗ್ಗುವಂಥವು ಮುಖ್ಯವಾಗಿ ಮೂರು: 45 ಎಂಎಂ ಎಫ್4, 55 ಎಂಎಂ ಎಫ್4, 75 ಎಂಎಂ ಎಫ್4.5. (ಎಂಎಂ ಕಡಿಮೆಯಾದಷ್ಟು ನೋಟ ಅಗಲ; ಎಫ್ ಅನ್ನುವುದು ಅಪರ್ಚರ್, ಅಂದರೆ ಬೆಳಕಿನ ಕಿಂಡಿಯ ಅಳತೆ, ಸಂಖ್ಯೆ ಹೆಚ್ಚಿದಷ್ಟು ಕಿಂಡಿ ಕಿರಿದು.) ಮೂರರಲ್ಲೂ ಮಲೆನಾಡಿನ ಗುಡ್ಡಗಳನ್ನು, ಹಂಪಿಯ ಬಂಡೆಗಳನ್ನು ತೆಗೆದಿದ್ದೇನೆ. ಈಗ ನನ್ನ ಚೀಲದಿಂದ ಹೊರಗೆ ಹೋಗದೆ ಉಳಿದಿರುವುದು 55.

ಈ ಕ್ಯಾಮೆರಾದ ಫ್ರೇಮು 55×70 ಮಿ.ಮೀ., 120 ಅಳತೆಯ ಒಂದು ಫಿಲ್ಮ್ ರೋಲಿಗೆ 10 ಚಿತ್ರ. 35 ಎಂಎಂ ಕ್ಯಾಮೆರಾದ ಲೆಕ್ಕದಲ್ಲಿ ಹೇಳುವುದಾದರೆ 45 ಅಂದರೆ ಸುಮಾರು 22, 55 ಅಂದರೆ 27, 75 ಅಂದರೆ 36. ವೈಡ್ ಲೆನ್ಸ್ ಬೇಕು ಅನ್ನುವವರು ಹೆಚ್ಚಿನವರು ಕೊಡುವ ಕಾರಣ ‘ಎಲ್ಲವೂ ಒಳಗೆ ಬರಬೇಕು’ ಅಂತ. ಎಲ್ಲವೂ ಬರುತ್ತದೆ, ನಿಜ. ಬಂದದ್ದು ಎಷ್ಟು ದೊಡ್ಡದಾಗಿ ಬರುತ್ತದೆ ಅನ್ನುವುದನ್ನು ಕೊಳ್ಳುವ ಮುಂಚೆ ಯಾರೂ ಲೆಕ್ಕ ಹಾಕುವುದಿಲ್ಲ.

ನಾವು ನಿಂತ ಜಾಗಕ್ಕಿಂತ 400 ಮೀಟರ್ ಎತ್ತರದ ಒಂದು ಗುಡ್ಡ ನಾಲ್ಕೂವರೆ ಕಿಲೋಮೀಟರ್ ದೂರದಲ್ಲಿದೆ ಅಂತ ಇಟ್ಟುಕೊಳ್ಳಿ. ಕೊಡಚಾದ್ರಿಯ ಸುತ್ತಮುತ್ತ ತಿರುಗಿದವರಿಗೆ ಇಂಥ ನೋಟ ಹೊಸದಲ್ಲ. 105ರಲ್ಲಿ ಆ ಗುಡ್ಡ ಫಿಲ್ಮಿನ ಮೇಲೆ 9.3 ಮಿ.ಮೀ. ಎತ್ತರಕ್ಕೆ ಬರುತ್ತದೆ. 75ರಲ್ಲಿ 6.7, 55ರಲ್ಲಿ 4.9, 45ರಲ್ಲಿ ಬರೀ 4. ಹದಿನಾರು ಇಂಚು ಎತ್ತರದ ಪ್ರಿಂಟ್ ಹಾಕಿಸಿದರೆ 45ರ ಗುಡ್ಡ ಮೂರು ಸೆಂಟಿಮೀಟರ್. ಅಂಥ ಒಂದು ಪ್ರಿಂಟನ್ನು ನೋಡಿ, ನನ್ನ ಜೊತೆ ಟ್ರೈಪಾಡ್ ಹೊತ್ತು ಗುಡ್ಡ ಹತ್ತಿದ್ದ ತಂಗಿಯ ಮಗ ಕೇಳಿದ್ದು, “ಮಾವಾ, ಅಷ್ಟು ದೊಡ್ಡ ಗುಡ್ಡ ಎಲ್ಲಿ ಹೋಯ್ತು?” ಮಲೆನಾಡಿನ ಸೊಗಸಿರುವುದೇ ಒಂದರ ಹಿಂದೊಂದು ಸಾಲುಗಟ್ಟಿದ ಗುಡ್ಡಗಳಲ್ಲಿ. 45 ಆ ಸಾಲುಗಳನ್ನೆಲ್ಲ ಒತ್ತಿ ದಿಗಂತದಲ್ಲಿ ಒಂದು ತೆಳು ಪಟ್ಟಿ ಮಾಡಿಬಿಡುತ್ತದೆ.

ಹಾಗಾದರೆ 75 ಯಾಕಲ್ಲ? ನನಗೆ ತುಂಬ ಇಷ್ಟದ ಲೆನ್ಸ್ ಅದು. ಆದರೆ ಅದರಲ್ಲಿ ಕಾಲ ಬುಡದ ನೆಲ ಸಿಗುವುದಿಲ್ಲ. ಕ್ಯಾಮೆರಾವನ್ನು ಒಂದೂವರೆ ಮೀಟರ್ ಎತ್ತರದಲ್ಲಿ, ಸಮಮಟ್ಟದಲ್ಲಿ ಇಟ್ಟರೆ 75ರ ಫ್ರೇಮಿನ ಕೆಳಅಂಚು ನೆಲ ಮುಟ್ಟುವುದು ನಾಲ್ಕು ಮೀಟರ್ ಆಚೆ. 55ರದ್ದು ಸರಿಯಾಗಿ ಮೂರು ಮೀಟರಿಗೆ, 45ರದ್ದು ಎರಡೂವರೆಗೆ. ಮಳೆಗಾಲ ಮುಗಿದ ಹೊಸತರಲ್ಲಿ ಹುಲ್ಲುಗುಡ್ಡದ ಮೇಲೆ ನಿಂತಾಗ ಆ ಒಂದು ಮೀಟರಿನಲ್ಲಿ ಏನೇನೋ ಇರುತ್ತದೆ: ಕಲ್ಲಿನ ಮೇಲಿನ ಪಾಚಿ, ಕಾಲುದಾರಿಯ ತಿರುವು, ನೀರು ನಿಂತ ಗುಂಡಿಯಲ್ಲಿ ಬಿದ್ದ ಮುಗಿಲು. ಅದು ಚಿತ್ರದಲ್ಲಿದ್ದರೆ ನೋಡುವವನಿಗೂ ಅಲ್ಲಿ ಹೆಜ್ಜೆ ಊರಲು ಜಾಗ ಸಿಗುತ್ತದೆ. 55ರಲ್ಲಿ ಗುಡ್ಡವೂ ಗುಡ್ಡವಾಗಿ ಉಳಿಯುತ್ತದೆ, ಕಾಲ ಬುಡದ ನೆಲವೂ ಬರುತ್ತದೆ. ನಾನು ಅದನ್ನು ಆರಿಸಿಕೊಂಡ ಕಾರಣ ಇಷ್ಟೇ, ಉಳಿದದ್ದೆಲ್ಲ ಅದರ ನಂತರ.

ಫೋಕಸ್ ವಿಷಯದಲ್ಲೂ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಎಫ್16ರಲ್ಲಿ ಸುಮಾರು 3.8 ಮೀಟರಿಗೆ ಫೋಕಸ್ ಇಟ್ಟರೆ 1.9 ಮೀಟರಿನಿಂದ ದಿಗಂತದವರೆಗೂ ಸ್ಪಷ್ಟ. ಎಫ್22ರಲ್ಲಿ 2.75ಕ್ಕೆ ಇಟ್ಟರೆ 1.4 ಮೀಟರಿನಿಂದ. ಟ್ರೈಪಾಡ್ ತಗ್ಗಿಸಿ ಕ್ಯಾಮೆರಾವನ್ನು 70 ಸೆಂಟಿಮೀಟರಿಗೆ ಇಳಿಸಿದರೂ ಕೆಳಅಂಚಿನ ನೆಲ 1.4 ಮೀಟರಿಗೇ ಬೀಳುವುದರಿಂದ ಮೇಲಿಂದ ಕೆಳಗಿನವರೆಗೆ ಎಲ್ಲವೂ ಹಿಡಿತದಲ್ಲಿರುತ್ತದೆ. 75ರಲ್ಲಿ ಎಫ್22 ಇಟ್ಟರೂ 2.6 ಮೀಟರಿಗಿಂತ ಹತ್ತಿರದ್ದು ಮಸುಕು. ಎಲ್ಲಿಂದ ಎಲ್ಲಿಯವರೆಗೆ ಸ್ಪಷ್ಟ ಅಂತ ತೋರಿಸಲು ಲೆನ್ಸಿನ ಮೇಲೆ ಕೊರೆದಿರುವ ಡೆಪ್ತ್ ಗೆರೆಗಳನ್ನು ಪೂರ್ತಿ ನಂಬಬೇಡಿ. ದೊಡ್ಡ ಪ್ರಿಂಟ್ ಮಾಡುವವರಿಗೆ ಅವು ಸಡಿಲ. ಎಫ್16ರಲ್ಲಿ ತೆಗೆಯುವಾಗ ನಾನು ಎಫ್11ರ ಗೆರೆಯನ್ನೇ ನೋಡುತ್ತೇನೆ. ಹೀಗೆ ಅಪರ್ಚರ್ ಮುಚ್ಚಿದಾಗ ಬೆಳಗಿನ ಬೆಳಕಿನಲ್ಲಿ ಎಕ್ಸ್‌ಪೋಶರ್ ಸೆಕೆಂಡುಗಳಿಗೆ ಹೋಗುತ್ತದೆ. ಅಷ್ಟು ಹೊತ್ತಿನ ಎಕ್ಸ್‌ಪೋಶರಿನಲ್ಲಿ ಫಿಲ್ಮಿನ ಚುರುಕು ಕುಗ್ಗುವುದರಿಂದ, ಇಲ್ಫೋರ್ಡ್ ಎಫ್‌ಪಿ4 ಕಪ್ಪುಬಿಳುಪು ಫಿಲ್ಮ್ ಬಳಸುವವರು ಬೆಳಕಿನ ಮೀಟರು 10 ಸೆಕೆಂಡ್ ತೋರಿಸಿದರೆ 18 ಕೊಡಬೇಕು. ಗುಡ್ಡದ ಮೇಲಿನ ಗಾಳಿಗೆ ಹುಲ್ಲು ಅಷ್ಟು ಹೊತ್ತು ನಿಲ್ಲುವುದಿಲ್ಲ, ಗಾಳಿ ಬಿಡುವ ತನಕ ಕಾಯುವುದೊಂದೇ ದಾರಿ.

ಹಂಪಿಗೆ ಹೋದರೆ ಮಾತು ಬೇರೆ. ಮಾತಂಗ ಬೆಟ್ಟದ ನೆತ್ತಿಯಲ್ಲಿ ಹಿಂದೆ ಸರಿಯಲು ಜಾಗವೇ ಇಲ್ಲ. ಎದುರಿಗೆ ಎರಡಾಳೆತ್ತರದ ಬಂಡೆ, ಕೆಳಗೆ ಅಚ್ಯುತರಾಯ ದೇವಸ್ಥಾನ, ಅದರಾಚೆ ತುಂಗಭದ್ರೆ. ವಿಷಯವೇ ಹತ್ತಿರದ ಬಂಡೆಯಾದಾಗ 45 ತನ್ನ ಬೆಲೆ ತೋರಿಸುತ್ತದೆ, ಬಂಡೆಯ ಮೈಯ ಬಿರುಕೊಂದು ಕಣ್ಣನ್ನು ನೇರ ಗೋಪುರದವರೆಗೆ ಕರೆದೊಯ್ಯುತ್ತದೆ. ಆದರೆ ಕ್ಯಾಮೆರಾ ಒಂಚೂರು ಮೇಲಕ್ಕೋ ಕೆಳಕ್ಕೋ ವಾಲಿದರೆ ಕಲ್ಲಿನ ಕಂಬಗಳೆಲ್ಲ ಓರೆಯಾಗಿ ನಿಲ್ಲುತ್ತವೆ. ವ್ಯೂ ಕ್ಯಾಮೆರಾದಂತೆ ಲೆನ್ಸನ್ನು ಮೇಲೆ ಸರಿಸುವ ಸೌಲಭ್ಯ ಇಲ್ಲಿಲ್ಲ, ಹಾಗಾಗಿ ಟ್ರೈಪಾಡಿನ ಮೇಲೆ ಗುಳ್ಳೆಮಟ್ಟ ಇರಲೇಬೇಕು. ಹಂಪಿ, ಬಾದಾಮಿ, ಐಹೊಳೆಗಳೇ ನಿಮ್ಮ ಲೋಕವಾದರೆ ಕಣ್ಣುಮುಚ್ಚಿ 45 ಕೊಳ್ಳಿ. ನನ್ನ ಊರು ತೀರ್ಥಹಳ್ಳಿ ಕಡೆ, ನನ್ನ ಫಿಲ್ಮ್ ಹೆಚ್ಚು ಖರ್ಚಾಗುವುದು ಘಟ್ಟದಲ್ಲೇ.

ಚಿತ್ರದ ಗುಣಮಟ್ಟಕ್ಕೆ ಬಂದರೆ, 55 ಎಫ್4ರಲ್ಲಿ ಪೂರ್ತಿ ತೆರೆದಾಗ ಮೂಲೆಗಳು ಕಪ್ಪಾಗುತ್ತವೆ, ತುಸು ಮೆತ್ತಗೂ ಇರುತ್ತವೆ. ಎಫ್11ಕ್ಕೆ ಬರುವ ಹೊತ್ತಿಗೆ ಎರಡೂ ಹೋಗಿ ಅಂಚಿನ ಎಲೆಗಳೂ ಬಿಡಿಬಿಡಿಯಾಗಿ ಕಾಣುತ್ತವೆ. ಲ್ಯಾಂಡ್‌ಸ್ಕೇಪಿಗೆ ಎಫ್4ರಲ್ಲಿ ತೆಗೆಯುವವರು ಯಾರೂ ಇಲ್ಲ, ಫೈಂಡರ್ ಬೆಳಗಲು ಮಾತ್ರ ಅದು ಬೇಕು.

ಫಿಲ್ಟರ್ ಅಳತೆ ಸಣ್ಣ ವಿಷಯ ಅನಿಸಬಹುದು, ಜೇಬಿಗೆ ಅಲ್ಲ. 55 ಎಫ್4ರದ್ದು 77 ಮಿ.ಮೀ., ಡಿಜಿಟಲ್ ಕ್ಯಾಮೆರಾಗಳ ಎಷ್ಟೋ ಲೆನ್ಸುಗಳಿಗೂ ಅದೇ ಅಳತೆ. ಮನೆಯಲ್ಲಿದ್ದ ಪೋಲರೈಸರ್, ಕಿತ್ತಳೆ ಫಿಲ್ಟರ್ ಎರಡೂ ಹಾಗೇ ಕೂತವು. 45 ಮತ್ತು 75 ಎಫ್4.5ಕ್ಕೆ 82 ಬೇಕು. ಪೋಲರೈಸರ್ ಬಳಸುವಾಗ ಎಚ್ಚರ: 55 ಅಡ್ಡಕ್ಕೆ 65 ಡಿಗ್ರಿ ನೋಡುತ್ತದೆ, 45 ಎಪ್ಪತ್ತೈದಕ್ಕೂ ಮೀರಿ. ಅಷ್ಟು ಅಗಲದಲ್ಲಿ ಆಕಾಶದ ಒಂದು ಭಾಗ ಕಡುನೀಲಿಯಾಗಿ ಇನ್ನೊಂದು ಭಾಗ ಬಿಳಚಿಕೊಂಡು ಉಳಿಯುತ್ತದೆ. ಎಲೆಯ ಮೇಲಿನ ಹೊಳಪು ಕಳೆಯಲು ಹಾಕಿ, ತೆರೆದ ಆಕಾಶಕ್ಕೆ ಬೇಡ.

ಬಾಡಿಯ ಬಗ್ಗೆ ಎರಡು ಮಾತು. ಇದರ ಕನ್ನಡಿ ದೊಡ್ಡದು, ಏಳುವಾಗ ಇಡೀ ಕ್ಯಾಮೆರಾ ನಡುಗುತ್ತದೆ. 1/30, 1/15, 1/8 ಸೆಕೆಂಡಿನಲ್ಲಿ ಮಿರರ್ ಲಾಕ್ ಮಾಡದೆ, ಅಂದರೆ ಕನ್ನಡಿಯನ್ನು ಮೊದಲೇ ಎತ್ತಿ ನಿಲ್ಲಿಸದೆ, ತೆಗೆಯಬೇಡಿ. ಮೊದಮೊದಲ 6×7 ಬಾಡಿಗಳಲ್ಲಿ ಆ ಲಾಕ್ ಇಲ್ಲ, ಕೊಳ್ಳುವಾಗ ಪಕ್ಕದಲ್ಲಿ ಅದರ ಗುಂಡಿ ಇದೆಯೇ ನೋಡಿ. ಮೀಟರ್ ಇರುವ ಪ್ರಿಸಂ (ಕ್ಯಾಮೆರಾದ ಮೇಲೆ ಕೂರುವ ಫೈಂಡರ್) ಹಾಕುವುದಾದರೆ ಮೊದಲು ಪ್ರಿಸಂ, ಆಮೇಲೆ ಲೆನ್ಸ್. ತಿರುಗಾಮುರುಗಾ ಆದರೆ ಅಪರ್ಚರಿನ ಕೊಂಡಿ ಕೂರದೆ ಮೀಟರ್ ತಪ್ಪು ಹೇಳುತ್ತದೆ.

ಬೇರೆ ಕ್ಯಾಮೆರಾಗಳನ್ನೂ ಹೆಸರಿಸಬೇಕು. ಮಾಮಿಯಾ 7ರ 43 ಎಂಎಂ ನಾನು ಕಂಡ ವೈಡ್ ಲೆನ್ಸುಗಳಲ್ಲೇ ಉತ್ತಮ. ಕನ್ನಡಿ ಇಲ್ಲದ್ದರಿಂದ ಲೆನ್ಸ್ ಫಿಲ್ಮಿನ ತೀರ ಹತ್ತಿರ ಕೂರುತ್ತದೆ. ಆದರೆ ಮೇಲೆ ಬೇರೆ ಫೈಂಡರ್ ಸಿಕ್ಕಿಸಿ ನೋಡಬೇಕು, ಅರ್ಧ ಭಾಗ ಮಾತ್ರ ಕಪ್ಪಾಗಿರುವ ಗ್ರ್ಯಾಜುಯೇಟೆಡ್ ಫಿಲ್ಟರಿನ ಗೆರೆ ಎಲ್ಲಿ ಬಿತ್ತು ಅಂತ ಕಣ್ಣಾರೆ ಕಾಣುವುದಿಲ್ಲ, ಬೆಲೆಯಂತೂ ಕೈಗೆಟಕದ್ದು. ಹ್ಯಾಸಲ್‌ಬ್ಲಾಡ್‌ನ 50 ಎಂಎಂ ಡಿಸ್ಟಗಾನ್ ಚೌಕ ಫ್ರೇಮು ಪ್ರೀತಿಸುವವರಿಗೆ.

55 ಎಂಎಂ ಕೊಳ್ಳುವಾಗ ಮೂರು ಆವೃತ್ತಿ ಕಾಣುತ್ತವೆ. ಮೊದಲನೆಯದು ಎಫ್3.5 ಟಕುಮಾರ್. ಭಾರ ಹೆಚ್ಚು, ಫಿಲ್ಟರ್ 100 ಮಿ.ಮೀ., ಅಗ್ಗಕ್ಕೆ ಸಿಕ್ಕರೂ ಬಿಡಿ. ಎರಡನೆಯದರ ಮೇಲೆ ‘ಪೆಂಟಾಕ್ಸ್ 6×7’ ಅಂತಲೂ, ಕೊನೆಯದರ ಮೇಲೆ ‘ಪೆಂಟಾಕ್ಸ್ 67’ ಅಂತಲೂ ಬರೆದಿರುತ್ತದೆ. ಎರಡೂ ಎಫ್4, ಎರಡರಲ್ಲಿ ಯಾವುದು ಸ್ವಚ್ಛವಾಗಿ ಸಿಗುತ್ತದೋ ಅದನ್ನು ತಗೊಳ್ಳಿ. ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿದರೆ ಫಂಗಸ್ಸಿನ ಎಳೆ ಕಾಣುತ್ತದೆ. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಆಸುಪಾಸಿನಲ್ಲಿ ಬದುಕುವವರು ಒಂದೇ ಒಂದು ಎಳೆ ಇದ್ದರೂ ಆ ಲೆನ್ಸ್ ಮುಟ್ಟಬಾರದು. ಮನೆಗೆ ತಂದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಚರ್ಮದ ಕೇಸಿನಲ್ಲಿ ಬೇಡ. ಮೊದಲ ರೋಲಿನಲ್ಲೇ ದೂರದ ಮರಗಳ ಸಾಲು ಒಮ್ಮೆ ಫ್ರೇಮಿನ ಮೇಲಂಚಿಗೆ, ಒಮ್ಮೆ ಕೆಳಅಂಚಿಗೆ ಬರುವಂತೆ ಎಫ್8ರಲ್ಲಿ ತೆಗೆದು ನೆಗೆಟಿವ್‌ಗಳನ್ನು ಲೂಪ್ (ಭೂತಗನ್ನಡಿ) ಹಿಡಿದು ನೋಡಿ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಒಳಗಿನ ಗಾಜು ಜಾಗ ಬಿಟ್ಟಿದೆ ಅಂತ ಅರ್ಥ. ವಾಪಸ್ ಕಳಿಸುವ ಗಡುವು ಮುಗಿಯುವ ಮುಂಚೆಯೇ ಈ ಪರೀಕ್ಷೆ ಮುಗಿಸಿ.